ಆಫ್ರೋ-ರಾಕ್

ಆಫ್ರೋ-ರಾಕ್ ಎಂಬುದು ಆಫ್ರಿಕಾ ಖಂಡದ ವಿವಿಧ ಸಂಗೀತ ಪದ್ಧತಿಗಳ ಲಯ, ಗಾಯನಕ್ರಮ ಮತ್ತು ವಾದ್ಯಗಳನ್ನು ರಾಕ್ ಸಂಗೀತದ ಎಲೆಕ್ಟ್ರಿಕ್ ಗಿಟಾರ್, ಬಾಸ್ ಗಿಟಾರ್ ಹಾಗೂ ಡ್ರಮ್ ಸೆಟ್‌ಗಳೊಂದಿಗೆ ಬೆಸೆದ ಸಂಗೀತ ಪ್ರಕಾರವಾಗಿದೆ. 1960ರ ದಶಕದ ಕೊನೆಯಲ್ಲಿ ಇದು ಪ್ರತ್ಯೇಕ ಪ್ರಕಾರವಾಗಿ ರೂಪುಗೊಂಡಿತು. ಘಾನಾ, ನೈಜೀರಿಯಾ, ಜಾಂಬಿಯಾ, ದಕ್ಷಿಣ ಆಫ್ರಿಕಾ, ಮಾಲಿ ಮೊದಲಾದ ದೇಶಗಳ ಕಲಾವಿದರಲ್ಲದೆ ಅಮೆರಿಕ ಮತ್ತು ಬ್ರಿಟನ್ನಿನ ಸಂಗೀತಗಾರರೂ ಇದರಲ್ಲಿ ಕೃಷಿ ಮಾಡಿದ್ದಾರೆ.

ಲಕ್ಷಣಗಳು

ಈ ಪ್ರಕಾರದಲ್ಲಿ ಆಫ್ರಿಕಾದ ಅಂಶವು ಮುಖ್ಯವಾಗಿ ಲಯದ ರಚನೆಯಲ್ಲಿದೆ. ಪಶ್ಚಿಮ ಆಫ್ರಿಕಾದ ಅನೇಕ ವಾದ್ಯಮೇಳಗಳಲ್ಲಿ ಕಬ್ಬಿಣದ ಗಂಟೆಯೊಂದು ನಿಗದಿತ ಪೆಟ್ಟುಗಳ ವಿನ್ಯಾಸವನ್ನು ಮತ್ತೆ ಮತ್ತೆ ನುಡಿಸುತ್ತದೆ. ಉಳಿದ ವಾದಕರು ಅದನ್ನು ಆಧಾರವಾಗಿಟ್ಟುಕೊಂಡು ತಮ್ಮ ತಮ್ಮ ವಿನ್ಯಾಸಗಳನ್ನು ಹೆಣೆಯುತ್ತಾರೆ. ಒಂದೇ ಅವಧಿಯಲ್ಲಿ ಒಬ್ಬ ವಾದಕ ಎರಡು ಪೆಟ್ಟು ಹಾಕಿದರೆ ಮತ್ತೊಬ್ಬ ಮೂರು ಹಾಕುವುದುಂಟು. ಕರ್ನಾಟಕ ಸಂಗೀತದ ತನಿ ಆವರ್ತನದಲ್ಲಿ ಮೃದಂಗ ವಾದಕರು ಚತುರಶ್ರ ನಡೆಯಿಂದ ತಿಶ್ರ ನಡೆಗೆ ಬದಲಾಯಿಸುವುದನ್ನು ಕೇಳಿದವರಿಗೆ ಇದರ ತತ್ತ್ವ ಅಪರಿಚಿತವಲ್ಲ. ಅಲ್ಲಿ ನಡೆಗಳು ಸಾಮಾನ್ಯವಾಗಿ ಒಂದಾದ ಮೇಲೊಂದು ಬರುತ್ತವೆ. ಇಲ್ಲಿ ಅವು ಬೇರೆ ಬೇರೆ ವಾದಕರ ಕೈಯಲ್ಲಿ ಏಕಕಾಲಕ್ಕೆ ಸಾಗುತ್ತವೆ.

ಒಬ್ಬರು ಹಾಡಿದ ಸಾಲಿಗೆ ಗುಂಪು ಉತ್ತರ ಕೊಡುವ ಕ್ರಮ ಎರಡನೆಯ ಲಕ್ಷಣ. ಕನ್ನಡದ ಸೋಬಾನೆ ಪದ, ಕಂಸಾಳೆ ಪದಗಳಲ್ಲಿಯೂ ಮುಂದಾಳುವಿನ ದನಿಗೆ ಹಿಮ್ಮೇಳ ದನಿಗೂಡಿಸುವ ಇಂಥದೇ ಕ್ರಮವಿದೆ. ಗಿಟಾರನ್ನು ಲಯವಾದ್ಯದಂತೆ ಬಳಸಿ ಚಿಕ್ಕ ಸ್ವರಗುಚ್ಛವೊಂದನ್ನು ಬಹಳ ಹೊತ್ತು ಪುನರಾವರ್ತಿಸುವುದು ಮೂರನೆಯದು.

ಆಲಿಸುವ ಕ್ರಮ

ರಾಕ್ ಹಾಡುಗಳಲ್ಲಿ ಕೇಳುಗರ ಗಮನ ಸಾಮಾನ್ಯವಾಗಿ ಗಾಯಕ ಮತ್ತು ಮುಖ್ಯ ಗಿಟಾರಿನ ಮೇಲಿರುತ್ತದೆ. ಆಫ್ರೋ-ರಾಕ್ ಆಲ್ಬಮ್‌ಗಳನ್ನು ಹಾಗೆ ಕೇಳಿದರೆ ಅವು ಒಂದೇ ಸಮನೆ ಸಾಗುವಂತೆ ತೋರಬಹುದು. ಮೊದಲ ಬಾರಿ ಬಾಸ್ ಗಿಟಾರನ್ನು, ಎರಡನೆಯ ಬಾರಿ ಗಂಟೆ ಅಥವಾ ಚರ್ಮವಾದ್ಯವನ್ನು, ಮೂರನೆಯ ಬಾರಿ ಗಿಟಾರನ್ನು ಮಾತ್ರ ಹಿಂಬಾಲಿಸಿದಾಗ ಅವುಗಳ ಪರಸ್ಪರ ಹೆಣಿಗೆ ಸ್ಪಷ್ಟವಾಗುತ್ತದೆ.

ಪ್ರಮುಖ ಆಲ್ಬಮ್‌ಗಳು

ಘಾನಾದ ಟೆಡ್ಡಿ ಒಸೈ ಮತ್ತು ಸಂಗಡಿಗರು ಕೆರಿಬಿಯನ್ ಕಲಾವಿದರೊಡನೆ ಸೇರಿ 1969ರಲ್ಲಿ ಲಂಡನ್ನಿನಲ್ಲಿ ಒಸಿಬಿಸಾ ತಂಡವನ್ನು ಕಟ್ಟಿದರು. ಅವರ ಮೊದಲ ಆಲ್ಬಮ್ 'ಒಸಿಬಿಸಾ' 1971ರಲ್ಲಿ ಹೊರಬಂದಿತು. ಅದೇ ವರ್ಷ ನೈಜೀರಿಯಾದ ಫೆಲಾ ಕುಟಿಯವರು ಇಂಗ್ಲೆಂಡಿನ ರಾಕ್ ಡ್ರಮ್ ವಾದಕ ಜಿಂಜರ್ ಬೇಕರ್ ಜೊತೆಗೂಡಿ 'ಲೈವ್!' ಎಂಬ ಆಲ್ಬಮ್ ಹೊರತಂದರು.

1970ರ ದಶಕದಲ್ಲಿ ಜಾಂಬಿಯಾದಲ್ಲಿ 'ಜಾಮ್‌ರಾಕ್' ಎಂಬ ಶಾಖೆ ಬೆಳೆಯಿತು. ಆಕಾಶವಾಣಿಯಲ್ಲಿ ಪ್ರಸಾರವಾಗುವ ಸಂಗೀತದ ಬಹುಪಾಲು ಸ್ವದೇಶಿಯಾಗಿರಬೇಕೆಂಬ ಅಧ್ಯಕ್ಷ ಕೆನೆತ್ ಕೌಂಡಾ ಅವರ ಆದೇಶ ಇದಕ್ಕೆ ಒತ್ತಾಸೆಯಾಯಿತು. ವಿಚ್ ತಂಡದ 'ಲೇಜಿ ಬೋನ್ಸ್!!' ಮತ್ತು ಅಮನಾಜ್ ತಂಡದ 'ಆಫ್ರಿಕಾ' (ಎರಡೂ 1975) ಇದರ ಪ್ರಸಿದ್ಧ ಆಲ್ಬಮ್‌ಗಳು. ತಾಮ್ರದ ಬೆಲೆ ಕುಸಿದು ದೇಶದ ಆರ್ಥಿಕತೆ ಕುಗ್ಗಿತು. ಮುಂದೆ ಏಡ್ಸ್ ರೋಗಕ್ಕೆ ಅನೇಕ ಕಲಾವಿದರು ಬಲಿಯಾದರು. ದಶಕಗಳ ನಂತರ ಈ ಆಲ್ಬಮ್‌ಗಳು ಮರುಮುದ್ರಣಗೊಂಡು ಹೊಸ ಕೇಳುಗರನ್ನು ಪಡೆದವು.

ಅಮೆರಿಕದ ಟಾಕಿಂಗ್ ಹೆಡ್ಸ್ ತಂಡದ 'ರಿಮೇನ್ ಇನ್ ಲೈಟ್' (1980) ಫೆಲಾ ಕುಟಿಯವರ ಸಂಗೀತದಿಂದ ಪ್ರೇರಿತವಾದುದು. ಬೆನಿನ್ ದೇಶದ ಗಾಯಕಿ ಆಂಜೆಲಿಕ್ ಕಿಜೊ ಅವರು 2018ರಲ್ಲಿ ಆ ಇಡೀ ಆಲ್ಬಮನ್ನು ತಮ್ಮದೇ ರೀತಿಯಲ್ಲಿ ಮತ್ತೆ ಹಾಡಿದರು. ಸಹಾರಾದ ಟುವಾರೆಗ್ ಜನಾಂಗದ ಟಿನಾರಿವೆನ್ ತಂಡದ 'ತಸ್ಸಿಲಿ' (2011) ಆಲ್ಬಮ್‌ಗೆ 2012ರಲ್ಲಿ ಗ್ರ್ಯಾಮಿ ಪ್ರಶಸ್ತಿ ದೊರೆಯಿತು.

ವಿವಾದ ಮತ್ತು ಕರ್ತೃತ್ವದ ಪ್ರಶ್ನೆ

ವರ್ಣಭೇದ ನೀತಿಯ ಕಾಲದ ದಕ್ಷಿಣ ಆಫ್ರಿಕಾದಲ್ಲಿ ಜಾನಿ ಕ್ಲೆಗ್ ಮತ್ತು ಸಿಫೊ ಮ್ಚುನು ಅವರ ಜುಲುಕಾ ತಂಡ ಬಿಳಿಯ ಹಾಗೂ ಕಪ್ಪು ಕಲಾವಿದರನ್ನು ಒಂದೇ ವೇದಿಕೆಗೆ ತಂದಿತು. 'ಯೂನಿವರ್ಸಲ್ ಮೆನ್' (1979) ಅವರ ಮೊದಲ ಆಲ್ಬಮ್. ಅಮೆರಿಕದ ಪಾಲ್ ಸೈಮನ್ ಅವರು 'ಗ್ರೇಸ್‌ಲ್ಯಾಂಡ್' (1986) ಆಲ್ಬಮ್‌ಗಾಗಿ ಜೊಹಾನೆಸ್‌ಬರ್ಗ್‌ನಲ್ಲಿ ಧ್ವನಿಮುದ್ರಣ ನಡೆಸಿದಾಗ, ವಿಶ್ವಸಂಸ್ಥೆ ಬೆಂಬಲಿಸಿದ್ದ ಸಾಂಸ್ಕೃತಿಕ ಬಹಿಷ್ಕಾರವನ್ನು ಮುರಿದರೆಂಬ ಟೀಕೆಗೆ ಗುರಿಯಾದರು. ಗಡೀಪಾರಾಗಿದ್ದ ಮಿರಿಯಂ ಮಕೇಬಾ ಮತ್ತು ಹ್ಯೂ ಮಸೆಕೆಲಾ ಅವರು ಸೈಮನ್ ಜೊತೆ ಪ್ರವಾಸ ಮಾಡಿ ಅವರನ್ನು ಸಮರ್ಥಿಸಿದರು. ಗಿಟಾರ್ ವಾದಕ ರೇ ಫಿರಿ, ಬಾಸ್ ವಾದಕ ಬಕಿತಿ ಕುಮಾಲೊ ಹಾಗೂ ಲೇಡಿಸ್ಮಿತ್ ಬ್ಲ್ಯಾಕ್ ಮಂಬಾಜೊ ಗಾಯನತಂಡ ಈ ಆಲ್ಬಮ್ ಮೂಲಕ ಜಗತ್ತಿಗೆ ಪರಿಚಿತರಾದರು.

ಇಂಥ ಆಲ್ಬಮ್‌ಗಳಲ್ಲಿ ರಚನಕಾರರ ಗೌರವಧನ ಸಾಮಾನ್ಯವಾಗಿ ಸಾಹಿತ್ಯ ಮತ್ತು ಮುಖ್ಯ ರಾಗಕ್ಕೆ ಸಲ್ಲುತ್ತದೆ. ಹಾಡಿನ ಜೀವಾಳವಾದ ಲಯವಿನ್ಯಾಸವನ್ನು ನುಡಿಸಿದವರು ಹಲವು ವೇಳೆ ವಾದಕರಾಗಿ ಮಾತ್ರ ಹೆಸರಿಸಲ್ಪಡುತ್ತಾರೆ.

ಕರ್ನಾಟಕದ ಸಂದರ್ಭ

ಕರ್ನಾಟಕದಲ್ಲಿ ರಾಕ್ ಜೊತೆ ಬೆರೆತಿರುವುದು ಮುಖ್ಯವಾಗಿ ಸ್ಥಳೀಯ ಜನಪದ. ಶಿಶುನಾಳ ಶರೀಫರ ತತ್ತ್ವಪದಗಳನ್ನು ಅಳವಡಿಸಿಕೊಂಡ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ 2008ರಲ್ಲಿ, ಬೆಂಗಳೂರಿನ ಸ್ವರಾತ್ಮ ತಂಡದ ಮೊದಲ ಆಲ್ಬಮ್ 2009ರಲ್ಲಿ ಬಿಡುಗಡೆಯಾದವು.

ಆಫ್ರಿಕಾ ಮೂಲದ ಸಂಗೀತ ಪರಂಪರೆ ರಾಜ್ಯದಲ್ಲಿಯೇ ಇದೆ. ಪೋರ್ಚುಗೀಸರು ಗೋವಾಕ್ಕೆ ಗುಲಾಮರನ್ನಾಗಿ ತಂದವರ ವಂಶಸ್ಥರೂ ಸೇರಿದಂತೆ ಸಿದ್ದಿ ಸಮುದಾಯದವರು ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಮೊದಲಾದ ತಾಲ್ಲೂಕುಗಳಲ್ಲಿ ನೆಲೆಸಿದ್ದಾರೆ. ಡಮಾಮಿ ಎಂಬ ಚರ್ಮವಾದ್ಯ ಮತ್ತು ಅದೇ ಹೆಸರಿನ ಕುಣಿತ ಅವರ ಗುರುತಾಗಿದೆ. 2003ರಲ್ಲಿ ಜಿಲ್ಲೆಯ ಸಿದ್ದಿಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. 2021ರ 'ಸಲಗ' ಚಲನಚಿತ್ರಕ್ಕಾಗಿ ಚರಣ್ ರಾಜ್ ಸಂಗೀತ ನೀಡಿದ ಹಾಡೊಂದನ್ನು ಸಿದ್ದಿ ಗಾಯಕರು ಹಾಡಿದ್ದು, ಆ ಧ್ವನಿ ನಾಡಿನಾದ್ಯಂತ ಕೇಳಿಬಂದಿತು.

ಕರ್ತೃತ್ವದ ಪ್ರಶ್ನೆ ಇಲ್ಲಿಯೂ ಪ್ರಸ್ತುತವಾಗಿದೆ. ಪರಂಪರೆಯಿಂದ ಬಂದ ಪದಕ್ಕೆ ಒಬ್ಬ ರಚನಕಾರ ಇರುವುದಿಲ್ಲ. ಆದರೆ ಭಾರತದ ಕೃತಿಸ್ವಾಮ್ಯ ಕಾಯಿದೆಯು ಹಾಡುವವರಿಗೂ ನುಡಿಸುವವರಿಗೂ ಪ್ರದರ್ಶಕರ ಹಕ್ಕನ್ನು ನೀಡಿದೆ. 2012ರ ತಿದ್ದುಪಡಿಯ ನಂತರ ವಾಣಿಜ್ಯ ಬಳಕೆಯಲ್ಲಿ ಗೌರವಧನ ಪಡೆಯಲೂ ಅವರು ಅರ್ಹರು.