ವಕೀಲರಿಲ್ಲದ ಮೊದಲ ರಾತ್ರಿ

2001ರ ಮೇ 29ರ ರಾತ್ರಿ ಟರ್ಕಿಯ ಇಜ್ಮೀರ್ ನಗರದಲ್ಲಿ ಪೊಲೀಸರು 17 ವರ್ಷದ ಹುಡುಗನೊಬ್ಬನನ್ನು ಹಿಡಿದೊಯ್ದರು. ಜೈಲಿನಲ್ಲಿದ್ದ ಕುರ್ದಿಶ್ ಮುಖಂಡ ಅಬ್ದುಲ್ಲಾ ಒಜಲಾನ್ ಪರವಾದ ಮೆರವಣಿಗೆಗೆ ಸೇರಿದ್ದ, ಸೇತುವೆಗೆ ಬ್ಯಾನರ್ ಕಟ್ಟಿದ್ದ ಎಂಬುದು ಆರೋಪ. ನಡುರಾತ್ರಿ ದಾಟಿ ಒಂದು ಗಂಟೆಗೆ ವಿಚಾರಣೆ ಶುರುವಾಯಿತು. ಪಕ್ಕದಲ್ಲಿ ವಕೀಲರಿರಲಿಲ್ಲ. ಹುಡುಗ ತಪ್ಪೊಪ್ಪಿಕೊಂಡ.

ಹೊಡೆದು ಹೇಳಿಸಿದರು ಎಂದು ಜೂನ್ 1ರಂದು ನ್ಯಾಯಾಧೀಶರೆದುರು ಆತ ಆ ಹೇಳಿಕೆಯನ್ನು ಅಲ್ಲಗಳೆದ. ವಕೀಲರ ಮುಖ ಕಂಡದ್ದು ಜೈಲಿಗೆ ಕಳಿಸಲು ಆದೇಶವಾದ ಮೇಲೆಯೇ. ಠಾಣೆಯ ಹೇಳಿಕೆಯನ್ನೇ ಮುಖ್ಯವಾಗಿ ನಂಬಿದ ಭದ್ರತಾ ನ್ಯಾಯಾಲಯ ನಾಲ್ಕೂವರೆ ವರ್ಷದ ಶಿಕ್ಷೆ ಕೊಟ್ಟು, ಅಪ್ರಾಪ್ತನೆಂದು ಎರಡೂವರೆಗೆ ಇಳಿಸಿತು.

ಪ್ರಕರಣ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿರುವ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಯಿತು. ಸ್ವದೇಶದ ಕೋರ್ಟುಗಳ ಮೆಟ್ಟಿಲನ್ನೆಲ್ಲ ಹತ್ತಿ ಮುಗಿಸಿದವರಿಗೆ ಮಾತ್ರ ಅಲ್ಲಿ ಪ್ರವೇಶ. ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ಅದು ತೀರ್ಮಾನಿಸುವುದಿಲ್ಲ. ಇಂಥ ಪ್ರಕರಣದಲ್ಲಿ ವಿಚಾರಣೆ ನ್ಯಾಯವಾಗಿ ನಡೆಯಿತೇ ಎಂದಷ್ಟೇ ನೋಡುತ್ತದೆ. 1950ರ ಯುರೋಪಿಯನ್ ಒಡಂಬಡಿಕೆಯ ಆರನೆಯ ವಿಧಿಯೇ ಅದರ ಅಳತೆಗೋಲು.

ಕೊನೆಗೂ ವಕೀಲರು ಸಿಕ್ಕಿದ್ದರಲ್ಲ, ಒಟ್ಟು ವಿಚಾರಣೆಗೆ ಕುಂದಾಗಿಲ್ಲ ಎಂದು 2007ರಲ್ಲಿ ಆ ನ್ಯಾಯಾಲಯದ ಸಣ್ಣ ಪೀಠ 5-2ರಲ್ಲಿ ಹೇಳಿತು. ಕೋಣೆಯಲ್ಲಿ ಒಬ್ಬಂಟಿಯಾಗಿ ಕೂತ ಹುಡುಗನ ಸ್ಥಿತಿ ಆ ಮಾತಿನಲ್ಲಿ ಕಾಣುವುದೇ ಇಲ್ಲ. 2008ರ ನವೆಂಬರ್ 27ರಂದು 17 ನ್ಯಾಯಾಧೀಶರ ದೊಡ್ಡ ಪೀಠ ಒಮ್ಮತದಿಂದ ಅದನ್ನು ತಿರುಗಿಸಿತು. ಬಲವಾದ ಕಾರಣವಿಲ್ಲದಿದ್ದರೆ ಪೊಲೀಸರ ಮೊದಲ ಪ್ರಶ್ನೆಯಿಂದಲೇ ವಕೀಲರು ಸಿಗಬೇಕು. ಅವರಿಲ್ಲದೆ ಪಡೆದ ತಪ್ಪೊಪ್ಪಿಗೆಯಿಂದ ಶಿಕ್ಷೆಯಾದರೆ ಆ ಹಾನಿಯನ್ನು ಮುಂದೆ ತುಂಬಿಕೊಡಲಾಗದು ಎಂದಿತು. ಹುಡುಗನಿಗೆ ವಕೀಲರು ಸಿಗದಿದ್ದುದಕ್ಕೆ ಟರ್ಕಿ ಕೊಟ್ಟ ಕಾರಣ ಒಂದೇ: ಭದ್ರತಾ ನ್ಯಾಯಾಲಯದ ಆರೋಪಿಗಳಿಗೆ ಆ ಹಕ್ಕನ್ನು ಆಗಿನ ಕಾನೂನೇ ಕೊಟ್ಟಿರಲಿಲ್ಲ. ಪರಿಹಾರ ಬರೀ 2,000 ಯೂರೋ.

ತೀರ್ಪಿನ ತೂಕ ಮಾತ್ರ ದೊಡ್ಡದು. ಸ್ಕಾಟ್ಲೆಂಡಿನ ಪೊಲೀಸರು ಆರು ಗಂಟೆಗಳವರೆಗೆ ವಕೀಲರಿಲ್ಲದೆ ವಿಚಾರಿಸುತ್ತಿದ್ದರು. ಈ ತೀರ್ಪನ್ನೇ ಆಧರಿಸಿ 2010ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಅದನ್ನು ತಪ್ಪೆಂದಿತು. ಮರುದಿನವೇ ಸ್ಕಾಟಿಷ್ ಸಂಸತ್ತು ತುರ್ತು ಮಸೂದೆಗೆ ಒಪ್ಪಿಗೆ ಕೊಟ್ಟಿತು. 2011ರಲ್ಲಿ ಫ್ರಾನ್ಸ್ ಕೂಡ ಪೊಲೀಸ್ ವಶದ ಕಾನೂನನ್ನು ತಿದ್ದಿಕೊಂಡಿತು. ಆಮೇಲೆ ಸ್ಟ್ರಾಸ್‌ಬರ್ಗೇ ಸ್ವಲ್ಪ ಹಿಂದೆ ಸರಿಯಿತು: 2016ರಲ್ಲಿ, ಲಂಡನ್ ಬಾಂಬ್ ಸಂಚಿನ ಪ್ರಕರಣದಲ್ಲಿ, ವಕೀಲರನ್ನು ತಡೆಯಲು ಬಲವಾದ ಕಾರಣವಿಲ್ಲದಿದ್ದರೂ ವಿಚಾರಣೆ ಒಟ್ಟಾರೆ ನ್ಯಾಯವಾಗಿರಬಹುದು ಎಂದಿತು. ಸ್ಪಷ್ಟವಾಗಿದ್ದ ಗೆರೆ ಮಸುಕಾಯಿತು.

ಏಷ್ಯಾಕ್ಕೆ ಇಂಥ ನ್ಯಾಯಾಲಯವೇ ಇಲ್ಲ. ಪೊಲೀಸರೆದುರಿನ ತಪ್ಪೊಪ್ಪಿಗೆ ಸಾಕ್ಷ್ಯವಾಗದು ಎಂಬ ನಿಯಮ 1872ರಿಂದಲೂ ಭಾರತದಲ್ಲಿದೆ, ಅದು ನಮ್ಮ ಭಾಗ್ಯ. ಆದರೆ ಸಂಘಟಿತ ಅಪರಾಧ ತಡೆಯುವ ಕರ್ನಾಟಕದ ‘ಕೋಕಾ’ ಕಾಯ್ದೆಯಲ್ಲಿ ಎಸ್ಪಿ ಅಥವಾ ಅದಕ್ಕಿಂತ ಮೇಲಿನ ದರ್ಜೆಯ ಅಧಿಕಾರಿ ಪಡೆದ ತಪ್ಪೊಪ್ಪಿಗೆಗೆ ಬೆಲೆಯಿದೆ. ಇನ್ನು ಬಂಧಿತರು ವಿಚಾರಣೆಯ ನಡುವೆ ವಕೀಲರನ್ನು ಕಾಣಬಹುದು. ವಿಚಾರಣೆಯ ಉದ್ದಕ್ಕೂ ಅವರು ಜೊತೆಗಿರುವಂತಿಲ್ಲ ಎಂದು ನಮ್ಮ ಕಾನೂನೇ ಬರೆದಿಟ್ಟಿದೆ.