ಉಪವಾಸ ಮಾಡಿದರೆ ಲಿವರ್ ಕ್ಯಾನ್ಸರ್ ಕರಗುತ್ತದೆಯೇ?

ಬೆಂಗಳೂರಿನ ವಿಲ್ಸನ್ ಗಾರ್ಡನ್ನಿನ ಅಡ್ಡರಸ್ತೆಗಳಲ್ಲಿ ದಿನಬಾಡಿಗೆಗೆ ರೂಮು ಹಿಡಿದವರಲ್ಲಿ ಎಷ್ಟೋ ಜನ ಕಿದ್ವಾಯಿ ಆಸ್ಪತ್ರೆಗೆ ರೋಗಿಯನ್ನು ಕರೆತಂದ ಪರವೂರಿನವರು. 1973ರಲ್ಲಿ ಶುರುವಾದ ಈ ಕ್ಯಾನ್ಸರ್ ಆಸ್ಪತ್ರೆಗೆ ಕಲ್ಯಾಣ ಕರ್ನಾಟಕದಿಂದ, ಚಿತ್ರದುರ್ಗದಿಂದ, ಗಡಿಯಾಚೆಯ ಆಂಧ್ರದಿಂದಲೂ ಜನ ಬರುತ್ತಾರೆ. ರಿಪೋರ್ಟಿಗೆ, ಸರದಿಗೆ ಕಾಯುವ ಹೊತ್ತಿನಲ್ಲಿ ಅವರ ಕೈಯಲ್ಲಿರುವುದು ಮೊಬೈಲು, ಮೊಬೈಲಿನಲ್ಲಿ ಊರಿನ ನೆಂಟರು ಕಳಿಸಿದ ಸಂದೇಶಗಳು. ಅವುಗಳಲ್ಲಿ ಒಂದು ಹಲವು ವರ್ಷಗಳಿಂದ ಸುತ್ತುತ್ತಲೇ ಇದೆ. ಜಪಾನಿನ ವಿಜ್ಞಾನಿಯೊಬ್ಬರಿಗೆ ಉಪವಾಸದ ಸಂಶೋಧನೆಗೆ ನೊಬೆಲ್ ಬಂದಿದೆಯಂತೆ, 16 ಗಂಟೆ ಊಟ ಬಿಟ್ಟರೆ ಒಳ್ಳೆಯ ಜೀವಕೋಶಗಳು ಕ್ಯಾನ್ಸರ್ ಕೋಶಗಳನ್ನು ತಿಂದುಹಾಕುತ್ತವಂತೆ, ನಮ್ಮ ಹಿರಿಯರು ಏಕಾದಶಿ ಇಟ್ಟದ್ದೂ ಇದಕ್ಕೇ ಅಂತೆ. ಇದರಲ್ಲಿ ಒಂದಿಷ್ಟು ನಿಜ ಬೆರೆತಿದೆ. ಜನ ನಂಬುವುದೂ ಅದಕ್ಕೇ. ಆದರೆ ಲಿವರ್ ಕ್ಯಾನ್ಸರ್ ಇರುವವರ ವಿಷಯದಲ್ಲಿ ಈ ನಂಬಿಕೆ ಪ್ರಾಣಕ್ಕೆ ಎರವಾಗಬಹುದು.

ನಂಬಿಕೆ: ನೊಬೆಲ್ ಸಿಕ್ಕಿದ್ದು ಉಪವಾಸಕ್ಕೆ, ಒಳ್ಳೆಯ ಕೋಶ ಕೆಟ್ಟ ಕೋಶವನ್ನು ತಿನ್ನುತ್ತದೆ

2016ರಲ್ಲಿ ಯೊಶಿನೊರಿ ಓಸುಮಿ ಅವರಿಗೆ ನೊಬೆಲ್ ಬಂದದ್ದು ನಿಜ. ಅವರು ಉಪವಾಸ ಕೆಡವಿದ್ದು ಮನುಷ್ಯರನ್ನಲ್ಲ, ಯೀಸ್ಟನ್ನು. ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಅದೇ ಯೀಸ್ಟ್. ಜೀರ್ಣಿಸುವ ಕಿಣ್ವಗಳಿಲ್ಲದ ಯೀಸ್ಟ್ ಕೋಶಗಳಿಗೆ ಅವರು ಪೋಷಕಾಂಶ ನಿಲ್ಲಿಸಿದರು. ಕೆಲವೇ ಗಂಟೆಗಳಲ್ಲಿ ಕೋಶದೊಳಗಿನ ದೊಡ್ಡ ಕೋಣೆಯಲ್ಲಿ ಸಣ್ಣ ಸಣ್ಣ ಚೀಲಗಳು ಬಂದು ಗುಂಪುಗೂಡಿದವು. ಒಳಗೆ ಬಂದದ್ದನ್ನು ಜೀರ್ಣಿಸಲು ಕಿಣ್ವವಿರಲಿಲ್ಲವಾದ್ದರಿಂದ ಅವು ಹಾಗೇ ಉಳಿದು ಸೂಕ್ಷ್ಮದರ್ಶಕದಲ್ಲಿ ಕಂಡವು. ಈ ಚೀಲ ಕಟ್ಟುವ ಕೆಲಸಕ್ಕೆ ಬೇಕಾದ ಜೀನ್‌ಗಳನ್ನು 1990ರ ದಶಕದಲ್ಲಿ ಅವರ ತಂಡ ಒಂದೊಂದಾಗಿ ಗುರುತಿಸಿತು. ಪ್ರಶಸ್ತಿ ಸಂದದ್ದು ಆ ಕೆಲಸಕ್ಕೆ.

ಕೋಶ ಹೀಗೆ ತನ್ನದನ್ನೇ ಚೀಲ ಕಟ್ಟಿ ಜೀರ್ಣಿಸಿಕೊಳ್ಳುವುದಕ್ಕೆ ಆಟೊಫೇಜಿ, ಅಂದರೆ ಸ್ವಭಕ್ಷಣೆ ಎಂಬ ಹೆಸರಿಟ್ಟವರು ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡ್ಯೂವ್, 1963ರಲ್ಲಿ. ಜೀವಕೋಶದ ಜೀರ್ಣಚೀಲವಾದ ಲೈಸೊಸೋಮ್ ಅನ್ನು 1955ರಲ್ಲಿ ಅವರು ಪತ್ತೆಮಾಡಿದ್ದು ಇಲಿಯ ಯಕೃತ್ತಿನ ಮೇಲೆ ಕೆಲಸ ಮಾಡುವಾಗಲೇ. ಹಾಗಾಗಿ ಸ್ವಭಕ್ಷಣೆಯ ಕಥೆ ಹುಟ್ಟಿದ್ದೇ ಲಿವರ್‌ನಲ್ಲಿ. ಕೋಶದೊಳಗೆ ಸವೆದುಹೋದ ಮೈಟೊಕಾಂಡ್ರಿಯ, ಮಡಿಕೆ ಕೆಟ್ಟ ಪ್ರೋಟೀನು, ಹೆಚ್ಚಾದ ಕೊಬ್ಬಿನ ಹನಿ ಇವುಗಳ ಸುತ್ತ ಎರಡು ಪದರದ ಪೊರೆ ಬೆಳೆದು ಚೀಲವಾಗುತ್ತದೆ. ಆ ಚೀಲ ಲೈಸೊಸೋಮ್‌ಗೆ ಕೂಡಿಕೊಳ್ಳುತ್ತದೆ, ಒಳಗಿನದೆಲ್ಲ ಒಡೆದು ಅಮೈನೊ ಆಮ್ಲವಾಗಿ, ಕೊಬ್ಬಿನಾಮ್ಲವಾಗಿ ಮತ್ತೆ ಬಳಕೆಗೆ ಬರುತ್ತದೆ. ಪ್ರತಿ ಕೋಶವೂ ತಿನ್ನುವುದು ತನ್ನೊಳಗಿನದನ್ನು. ಪಕ್ಕದ ಕ್ಯಾನ್ಸರ್ ಕೋಶವನ್ನು ಹುಡುಕಿ ನುಂಗುವ ವ್ಯವಸ್ಥೆ ಇದಲ್ಲ. ಕ್ಯಾನ್ಸರ್ ಕೋಶಕ್ಕೂ ಇದೇ ಶಕ್ತಿ ಇದೆ ಎಂಬುದನ್ನು ಸಂದೇಶ ಬರೆದವರು ಹೇಳುವುದಿಲ್ಲ.

ನಂಬಿಕೆ: ಸ್ವಭಕ್ಷಣೆ ಹೆಚ್ಚಾದಷ್ಟೂ ಕ್ಯಾನ್ಸರ್ ದೂರ

ಕ್ಯಾನ್ಸರ್ ಹುಟ್ಟುವ ಮೊದಲು ಈ ಮಾತು ಬಹುಮಟ್ಟಿಗೆ ಸರಿ. ಅಮೆರಿಕದ ಬೆತ್ ಲೆವಿನ್ 1999ರಲ್ಲಿ ಬೆಕ್ಲಿನ್-1 ಎಂಬ ಸ್ವಭಕ್ಷಣೆಯ ಜೀನ್ ಗಡ್ಡೆಯನ್ನು ತಡೆಯುವ ಜೀನ್ ಕೂಡ ಹೌದೆಂದು ತೋರಿಸಿದರು. ಎರಡು ಪ್ರತಿಗಳಲ್ಲಿ ಒಂದನ್ನು ಕಳೆದುಕೊಂಡ ಇಲಿಗಳಲ್ಲಿ ಶ್ವಾಸಕೋಶದ ಗಡ್ಡೆ, ಲಿಂಫೋಮಾದ ಜೊತೆಗೆ ಲಿವರ್ ಕ್ಯಾನ್ಸರ್ ಕೂಡ ತಾನಾಗಿಯೇ ಬಂದದ್ದು 2003ರಲ್ಲಿ ವರದಿಯಾಯಿತು. ಅಂಥ ಇಲಿಗಳಲ್ಲಿ ಹೆಪಟೈಟಿಸ್ ಬಿ ವೈರಸ್ಸಿನ ಜೀನ್ ಕೂಡ ಇದ್ದರೆ ಕ್ಯಾನ್ಸರ್‌ಪೂರ್ವ ಬದಲಾವಣೆಗಳು ಇನ್ನೂ ಬೇಗ ಬಂದವು. ನಮಗೆ ಇದು ತೀರಾ ಹತ್ತಿರದ ವಿಷಯ, ಏಕೆಂದರೆ ಭಾರತದಲ್ಲಿ ಲಿವರ್ ಕ್ಯಾನ್ಸರ್‌ಗೆ ಹೆಪಟೈಟಿಸ್ ಬಿ ಮುಖ್ಯ ಕಾರಣಗಳಲ್ಲಿ ಒಂದು.

ಸ್ವಭಕ್ಷಣೆ ಕುಂಟಿದರೆ ಲಿವರ್ ಕೋಶದೊಳಗೆ ಏನಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಬಹುದು. ಬಹುಕಾಲ ಕುಡಿದು ಲಿವರ್ ಉರಿಯೂತಕ್ಕೆ ಒಳಗಾದವರ ಬಯಾಪ್ಸಿ ತುಣುಕಿಗೆ ಬಣ್ಣ ಹಾಕಿ ಗಾಜಿನ ಮೇಲಿಟ್ಟರೆ, ಉಬ್ಬಿದ ಕೋಶಗಳ ಒಳಗೆ ಗುಲಾಬಿ ಬಣ್ಣದ, ಹಗ್ಗ ಮುದುಡಿದಂಥ ಗಂಟುಗಳು ಕಾಣುತ್ತವೆ. ಬಾಸ್ಟನ್ನಿನ ರೋಗಶಾಸ್ತ್ರಜ್ಞ ಫ್ರಾಂಕ್ ಮ್ಯಾಲೊರಿ 1911ರಲ್ಲೇ ಇವನ್ನು ವಿವರಿಸಿದ್ದರು. ಆ ಗಂಟಿನೊಳಗೆ ಪಿ62 ಎಂಬ ಪ್ರೋಟೀನ್ ಕೂಡಿಕೊಂಡಿರುತ್ತದೆ ಎಂಬುದು ಎಷ್ಟೋ ಕಾಲದ ಮೇಲೆ ತಿಳಿಯಿತು. ಕಸವನ್ನು ಗುರುತಿಸಿ ಚೀಲಕ್ಕೆ ಒಪ್ಪಿಸುವುದು ಪಿ62 ಕೆಲಸ, ಕಸದ ಜೊತೆ ತಾನೂ ಜೀರ್ಣವಾಗಿಬಿಡುತ್ತದೆ. ಸ್ವಭಕ್ಷಣೆ ನಿಂತರೆ ಅದು ಕೋಶದಲ್ಲೇ ಗುಡ್ಡೆಬೀಳುತ್ತದೆ, ಒತ್ತಡದ ಕಾಲದಲ್ಲಷ್ಟೇ ಏಳಬೇಕಾದ ರಕ್ಷಣಾ ಜೀನ್‌ಗಳನ್ನು ಸದಾ ಎಚ್ಚರವಾಗಿಡುತ್ತದೆ, ಹಾಳಾದ ಕೋಶವೂ ಸಾಯದೆ ಬದುಕುತ್ತದೆ. ಕ್ಯಾನ್ಸರ್ ಬೇರುಬಿಡಲು ಇದಕ್ಕಿಂತ ಹದವಾದ ನೆಲ ಬೇಡ.

ಇಷ್ಟಕ್ಕೇ ಮುಗಿದಿದ್ದರೆ ವಾಟ್ಸ್ಆ್ಯಪ್ ಸಂದೇಶ ಅರ್ಧವಾದರೂ ಗೆಲ್ಲುತ್ತಿತ್ತು. 2011ರಲ್ಲಿ ಜಪಾನಿನ ನೊಬೊರು ಮಿಝುಶಿಮಾ ಅವರ ತಂಡ ಪ್ರಕಟಿಸಿದ ಪ್ರಯೋಗ, ನನ್ನ ಮಟ್ಟಿಗೆ, ಈ ವಿಷಯದಲ್ಲಿ ಎಲ್ಲಕ್ಕಿಂತ ಕಣ್ತೆರೆಸುವಂಥದ್ದು. ಇಲಿಯ ಮೈಯಲ್ಲಿ ಅಲ್ಲಲ್ಲಿ ಕೆಲವು ಕೋಶಗಳಲ್ಲಿ ಮಾತ್ರ ಸ್ವಭಕ್ಷಣೆ ಪೂರ್ತಿ ನಿಲ್ಲುವಂತೆ ಮಾಡಿದರು. ಎಲ್ಲ ಅಂಗಗಳಲ್ಲೂ ಅಂಥ ಕೋಶಗಳಿದ್ದರೂ ಗಡ್ಡೆ ಬಂದದ್ದು ಲಿವರ್‌ನಲ್ಲಿ ಮಾತ್ರ. ಬಂದ ಗಡ್ಡೆಗಳು ಹಾನಿಯಿಲ್ಲದ ಸಾದಾ ಗಡ್ಡೆಗಳಾಗಿಯೇ ಉಳಿದವು, ಕ್ಯಾನ್ಸರ್ ಆಗಲಿಲ್ಲ. ಸ್ವಭಕ್ಷಣೆ ಕೆಟ್ಟರೆ ಗಡ್ಡೆ ಹುಟ್ಟಬಹುದು. ಅದೇ ಗಡ್ಡೆ ಕ್ಯಾನ್ಸರ್ ಆಗಿ ಬಲಿಯಲು ಸ್ವಭಕ್ಷಣೆ ಬೇಕು.

ಬೆಳೆದ ಗಡ್ಡೆಯ ಒಳಭಾಗಕ್ಕೆ ರಕ್ತ ಸರಿಯಾಗಿ ಹೋಗುವುದಿಲ್ಲ. ಆಮ್ಲಜನಕ ಕಡಿಮೆ, ಆಹಾರ ಕಡಿಮೆ. ಅಲ್ಲಿನ ಕೋಶಗಳು ತಮ್ಮನ್ನೇ ತಾವು ಒಂದಿಷ್ಟು ತಿಂದು ಉಳಿದುಕೊಳ್ಳುತ್ತವೆ. ಗಡ್ಡೆಗೆ ರಕ್ತ ಕೊಡುವ ನಾಳವನ್ನು ಮುಚ್ಚುವ ಚಿಕಿತ್ಸೆ ಲಿವರ್ ಕ್ಯಾನ್ಸರ್‌ನಲ್ಲಿ ಬಹಳ ಬಳಕೆಯಲ್ಲಿದೆ. 2007ರಿಂದ ಸೊರಾಫೆನಿಬ್ ಮಾತ್ರೆಯೂ ಇದೆ. ಇವೆರಡರ ಏಟಿನಿಂದ ತಪ್ಪಿಸಿಕೊಳ್ಳಲೂ ಕೋಶಗಳು ಸ್ವಭಕ್ಷಣೆಯನ್ನೇ ಹಿಡಿಯುತ್ತವೆ. ಹಸಿವನ್ನು ತಡೆದುಕೊಂಡೇ ಬೆಳೆದ ಗಡ್ಡೆ ಅದು, 16 ಗಂಟೆಯ ಉಪವಾಸಕ್ಕೆ ಕರಗುವುದಿಲ್ಲ.

ನಂಬಿಕೆ: ಹಾಗಾದರೆ ಸ್ವಭಕ್ಷಣೆ ನಿಲ್ಲಿಸುವ ಮಾತ್ರೆ ನುಂಗಿದರಾಯಿತು

ಕೊರೊನಾ ಕಾಲದಲ್ಲಿ ಮನೆಮಾತಾದ ಹೈಡ್ರಾಕ್ಸಿಕ್ಲೊರೊಕ್ವಿನ್ ಲೈಸೊಸೋಮಿನ ಆಮ್ಲೀಯತೆ ತಗ್ಗಿಸಿ ಸ್ವಭಕ್ಷಣೆಯ ಕೊನೆಯ ಹಂತವನ್ನು ತಡೆಯುತ್ತದೆ. ಬೇರೆ ಔಷಧಗಳ ಜೊತೆ ಸೇರಿಸಿ ಕ್ಯಾನ್ಸರ್ ರೋಗಿಗಳ ಮೇಲೆ ಪ್ರಯೋಗಗಳು ನಡೆದಿವೆ. ಆದರೆ ಲಿವರ್ ಕ್ಯಾನ್ಸರ್‌ಗೆ ಇದು ಒಪ್ಪಿತ ಚಿಕಿತ್ಸೆಯಲ್ಲ. ಹೃದಯದ ಬಡಿತ ತಪ್ಪಿಸುವ, ಬಹುಕಾಲ ತೆಗೆದುಕೊಂಡರೆ ಕಣ್ಣಿನ ಅಕ್ಷಿಪಟಕ್ಕೆ ಪೆಟ್ಟು ಕೊಡುವ ಮಾತ್ರೆಯನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗುವಂತಿಲ್ಲ.

ಸ್ವಭಕ್ಷಣೆಯನ್ನು ಏರಿಸಬೇಕೋ ಇಳಿಸಬೇಕೋ ಎಂಬುದು ಯಾವ ರೋಗ, ಯಾವ ಹಂತ ಎಂಬುದರ ಮೇಲೆ ನಿಂತಿದೆ. ಕಿದ್ವಾಯಿ ಮತ್ತು ಮಿದುಳಿನ ಕಾಯಿಲೆಗಳನ್ನು ನೋಡುವ ನಿಮ್ಹಾನ್ಸ್ ನೆರೆಹೊರೆಯ ಆಸ್ಪತ್ರೆಗಳು, ಆದರೆ ಎರಡೂ ಕಡೆಯ ರೋಗಿಗಳಿಗೆ ಬೇಕಾದದ್ದು ಒಂದೇ ಅಲ್ಲ. ಪಾರ್ಕಿನ್ಸನ್‌ನಂಥ ಮಿದುಳಿನ ಕಾಯಿಲೆಯಲ್ಲಿ ಕೂಡಿಬಿದ್ದ ಪ್ರೋಟೀನ್ ಕಸ ತೆಗೆಯಲು ಸ್ವಭಕ್ಷಣೆ ಹೆಚ್ಚಬೇಕು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರವಿ ಮಂಜಿತ್ತಾಯ ಅವರ ತಂಡ ಯೀಸ್ಟಿನಿಂದ ಶುರುಮಾಡಿ ಇಲಿಯವರೆಗೆ ಹೋಗಿ, ಹಾಗೆ ಹೆಚ್ಚಿಸುವ 6-ಬಯೊ ಎಂಬ ಅಣುವನ್ನು 2017ರಲ್ಲಿ ವರದಿ ಮಾಡಿತು. ಬೆಳೆದ ಲಿವರ್ ಕ್ಯಾನ್ಸರ್‌ನಲ್ಲಿ ಬೇಕಾಗಬಹುದಾದದ್ದು ಇದರ ತದ್ವಿರುದ್ಧ.

ನಂಬಿಕೆ: ಏನಿಲ್ಲವೆಂದರೂ ಎರಡು ದಿನ ಊಟ ಬಿಟ್ಟರೆ ನಷ್ಟವೇನು?

ಆಸ್ಪತ್ರೆ ಹತ್ತಿರದ ಚಹಾದಂಗಡಿಯಲ್ಲಿ ತಂದೆಯನ್ನು ಕರೆತಂದಿದ್ದ ಹುಡುಗನೊಬ್ಬ ಕೇಳಿದ: "ಸರ, ಡಾಕ್ಟ್ರು ಹೊಟ್ಟಿ ತುಂಬ ಉಣ್ಣಸ್ರಿ ಅಂತಾರ, ಮೊಬೈಲ್‌ನ್ಯಾಗ ಊಟ ಬಿಡಸ್ರಿ ಅಂತ ಐತಿ. ಯಾರ ಮಾತು ಕೇಳಬೇಕ್ರಿ?" ಡಾಕ್ಟರ ಮಾತು ಕೇಳಪ್ಪಾ ಎಂದೆ. ಕಾರಣ ಹೇಳುವುದು ಮುಖ್ಯ, ಇಲ್ಲವಾದರೆ ಮರುದಿನ ಇನ್ನೊಂದು ಸಂದೇಶ ಬರುತ್ತದೆ.

ಲಿವರ್ ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರ ಯಕೃತ್ತು ಅದಕ್ಕೂ ಮೊದಲೇ ಸಿರೋಸಿಸ್‌ನಿಂದ ಗಟ್ಟಿಯಾಗಿರುತ್ತದೆ. ಆರೋಗ್ಯವಂತ ಯಕೃತ್ತು ಗ್ಲೈಕೋಜನ್ ರೂಪದಲ್ಲಿ ಸಕ್ಕರೆ ಕೂಡಿಟ್ಟು ರಾತ್ರಿಯಿಡೀ ಒದಗಿಸುತ್ತದೆ. ಸಿರೋಸಿಸ್ ಇದ್ದರೆ ಆ ದಾಸ್ತಾನು ತೀರಾ ಕಡಿಮೆ. ಒಂದು ರಾತ್ರಿ ಊಟವಿಲ್ಲದಿದ್ದರೂ ಅವರ ದೇಹ, ಆರೋಗ್ಯವಂತರು ಎರಡು ಮೂರು ದಿನ ಉಪವಾಸ ಬಿದ್ದಾಗಿನ ಸ್ಥಿತಿಗೆ ಬರುತ್ತದೆ. ಆಗ ಸ್ನಾಯುವಿನ ಪ್ರೋಟೀನು ಒಡೆದು ಸಕ್ಕರೆಯಾಗುತ್ತದೆ. ಬರಗಾಲದಲ್ಲಿ ಬಿತ್ತನೆ ಬೀಜವನ್ನೇ ಕುಟ್ಟಿ ಉಂಡ ಹಾಗೆ. ಸ್ನಾಯು ಕರಗಿದವರಿಗೆ ಶಸ್ತ್ರಚಿಕಿತ್ಸೆ, ಔಷಧ ಎರಡನ್ನೂ ತಾಳಿಕೊಳ್ಳುವುದು ಕಷ್ಟ, ಸೋಂಕೂ ಬೇಗ ಹತ್ತುತ್ತದೆ.

ಹಾಗಾಗಿ ಸಿರೋಸಿಸ್ ರೋಗಿಗಳಿಗೆ ವೈದ್ಯರ ಮಾರ್ಗಸೂಚಿಗಳು ಹೇಳುವುದು ಉಪವಾಸದ ವಿರುದ್ಧ: ದೇಹದ ಒಂದು ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನು, ಹಗಲಲ್ಲಿ ನಡುನಡುವೆ ಸ್ವಲ್ಪ ಸ್ವಲ್ಪ ಊಟ, ಮಲಗುವ ಮುನ್ನ ಇನ್ನೊಂದು ತಿಂಡಿ. 60 ಕಿಲೋ ತೂಕದವರಿಗೆ ದಿನಕ್ಕೆ 72ರಿಂದ 90 ಗ್ರಾಂ ಪ್ರೋಟೀನು ಬೇಕು. ಬರೀ ಎಳನೀರು, ಗಂಜಿತಿಳಿಯಲ್ಲಿ ಅದು ಸಿಗುವುದಿಲ್ಲ. ಮೊಟ್ಟೆ, ಬೇಳೆ, ಹೆಸರುಕಾಳು, ಮೊಸರು ಬೇಕು. ಮಲಗುವ ಹೊತ್ತಿಗೆ ಹಾಲು ಹಾಕಿದ ರಾಗಿ ಮಾಲ್ಟ್ ಒಳ್ಳೆಯದು. ಸಕ್ಕರೆ ಕಾಯಿಲೆ ಇದ್ದವರು, ಹೊಟ್ಟೆಯಲ್ಲಿ ನೀರು ತುಂಬಿದವರು ಉಪ್ಪು-ಸಕ್ಕರೆಯ ಲೆಕ್ಕವನ್ನು ಆಸ್ಪತ್ರೆಯ ಡಯಟೀಷಿಯನ್ ಹತ್ತಿರ ಕೇಳಿಕೊಳ್ಳಬೇಕು.

ಆ 16 ಗಂಟೆಯ ಲೆಕ್ಕವೂ ಮನುಷ್ಯರ ಯಕೃತ್ತಿನಲ್ಲಿ ಅಳೆದು ಬಂದದ್ದಲ್ಲ. ಆರೋಗ್ಯವಂತರು ಏಕಾದಶಿ ಮಾಡುವುದು ಅವರವರ ಶ್ರದ್ಧೆ, ಅದಕ್ಕೆ ನನ್ನ ತಕರಾರಿಲ್ಲ. ಹಾಸಿಗೆ ಹಿಡಿದವರ ತಟ್ಟೆ ಕಿತ್ತುಕೊಳ್ಳುವುದಕ್ಕೆ ಮಾತ್ರ ತಕರಾರು.

ನಂಬಿಕೆ: ಕಷಾಯ ಕುಡಿದು ಲಿವರ್ ತೊಳೆದುಕೊಳ್ಳಬಹುದು

ಲಿವರ್ ತನ್ನ ಕಸವನ್ನು ತಾನೇ ತೆಗೆಯುತ್ತದೆ, ಹೊರಗಿನಿಂದ ತೊಳೆಯಲು ಬರುವುದಿಲ್ಲ. ಅಮೃತಬಳ್ಳಿ ಕಷಾಯ ಕುಡಿದವರಲ್ಲಿ ಲಿವರ್ ಉರಿಯೂತ ಬಂದ ಪ್ರಕರಣಗಳನ್ನು 2021ರಲ್ಲಿ ಮುಂಬೈನ ವೈದ್ಯರು ವರದಿ ಮಾಡಿದ್ದಾರೆ. ಈಗಾಗಲೇ ಕೆಟ್ಟ ಲಿವರ್ ಇರುವವರು ಯಾವ ಬೇರು ಸೊಪ್ಪನ್ನೂ ವೈದ್ಯರಿಗೆ ಹೇಳದೆ ಕುಡಿಯಬಾರದು.

ಲಿವರ್ ಕ್ಯಾನ್ಸರ್ ತಡೆಯುವ ದಾರಿಗಳು ಇರುವುದು ಬೇರೆ ಕಡೆ. ತೈವಾನ್ 1984ರಲ್ಲಿ ನವಜಾತ ಶಿಶುಗಳಿಗೆ ಹೆಪಟೈಟಿಸ್ ಬಿ ಲಸಿಕೆ ಶುರುಮಾಡಿತು, ಮುಂದೆ ಅಲ್ಲಿನ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಇಳಿಯಿತು. ನಮ್ಮಲ್ಲೂ ಈ ಲಸಿಕೆ ಸರ್ಕಾರದ ಕಾರ್ಯಕ್ರಮದಲ್ಲಿದೆ. ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್ ಬೀಳಬೇಕು, ಹೆರಿಗೆ ವಾರ್ಡಿನಲ್ಲೇ ಕೇಳಿ ಹಾಕಿಸಿ. ಕುಡಿತ ಬಿಡಬೇಕು. ಬೂಷ್ಟು ಹಿಡಿದ ಕಡಲೆಕಾಯಿ, ಮುಸುಕಿನಜೋಳ ಎಸೆಯಬೇಕು, ಅದರ ಅಫ್ಲಟಾಕ್ಸಿನ್ ಹುರಿದರೂ ಪೂರ್ತಿ ಹೋಗುವುದಿಲ್ಲ. ಕುಡಿಯದವರೂ ಸಕ್ಕರೆ ಕಾಯಿಲೆಯ ಜೊತೆ ಫ್ಯಾಟಿ ಲಿವರ್ ಇದ್ದರೆ ಅಸಡ್ಡೆ ಮಾಡಬಾರದು. ಸಿರೋಸಿಸ್ ಇದೆಯೆಂದು ಗೊತ್ತಾದವರು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಿದರೆ ಗಡ್ಡೆ ಚಿಕ್ಕದಿರುವಾಗಲೇ ಸಿಗುತ್ತದೆ. ಮನೆಯಲ್ಲಿ ಒಬ್ಬರಿಗೆ ಹೆಪಟೈಟಿಸ್ ಬಿ ಇದ್ದರೆ ಉಳಿದವರೆಲ್ಲ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಆ ಪರೀಕ್ಷೆಗೂ ಔಷಧಕ್ಕೂ ದುಡ್ಡು ಕೊಡಬೇಕಿಲ್ಲ.