ಗಾಲಿಕುರ್ಚಿಗೆ ಮೋಟಾರು ಜೋಡಿಸುವ ಮುನ್ನ

ವರ್ಷಗಟ್ಟಲೆ ಕೈಯಿಂದ ಗಾಲಿ ತಳ್ಳಿದವರಲ್ಲಿ ಭುಜದ ನೋವು ಸಾಮಾನ್ಯ. ಭುಜ ಸೋತರೆ ಮಂಚದಿಂದ ಕುರ್ಚಿಗೆ ಬರುವುದಕ್ಕೂ ಇನ್ನೊಬ್ಬರ ಆಸರೆ ಬೇಕು. ಹಾಗಾಗಿ ಮೋಟಾರನ್ನು ಶೋಕಿ ಎನ್ನಲಾಗದು.

ಮುಂದೆ ಜೋಡಿಸುವ ಬಗೆಯಲ್ಲಿ ಕುರ್ಚಿಯ ಸಣ್ಣ ಮುಂಗಾಲಿಗಳು ನೆಲ ಬಿಟ್ಟು ಮೇಲೇಳುತ್ತವೆ. ಗುಂಡಿ, ಜಲ್ಲಿಯ ರಸ್ತೆಗೆ ಇದೇ ಸರಿ. ಆದರೆ ಹ್ಯಾಂಡಲ್ ಹಿಡಿದು ಬ್ರೇಕ್ ಒತ್ತಲು ಬೆರಳಲ್ಲಿ ಬಲವಿರಬೇಕು. ಮನೆಯೊಳಗೆ ತಿರುಗಿಸುವುದೂ ಕಷ್ಟ, ಬಾಗಿಲಲ್ಲೇ ಕಳಚಿಡಬೇಕು. ಹಿಂದೆ ಕೂರುವ ಪುಟ್ಟ ಮೋಟಾರು ಒಳಗಿನ ಓಡಾಟಕ್ಕೆ, ಏರು ಹತ್ತುವುದಕ್ಕೆ ಒಳ್ಳೆಯದು. ಇಳಿಯುವಾಗ ಮಾತ್ರ ಗಾಲಿ ತಡೆಯುವುದು ಸಾಮಾನ್ಯವಾಗಿ ಕೈಯೇ.

ಎಲ್ಲ ಕುರ್ಚಿಗೂ ಎಲ್ಲವೂ ಹೊಂದುವುದಿಲ್ಲ. ಮದ್ರಾಸ್ ಐಐಟಿಯಲ್ಲಿ ರೂಪುಗೊಂಡ ನಿಯೋಬೋಲ್ಟ್ ಗಂಟೆಗೆ 25 ಕಿ.ಮೀ. ಓಡುತ್ತದೆ, ಆದರೆ ಅದನ್ನು ಮಾಡಿದ್ದು ನಿಯೋಫ್ಲೈ ಕುರ್ಚಿಗೆಂದು. ಚೌಕಟ್ಟಿನ ಅಳತೆ, ಕೂರುವವರ ತೂಕ ಮೊದಲು ಹೇಳಿ, ಬೆಲೆ ಆಮೇಲೆ ಕೇಳಿ. ಓಡಿಸಬೇಕಾದವರನ್ನೇ ಕರೆದೊಯ್ದು, ಅವರ ಕುರ್ಚಿಗೇ ಕಟ್ಟಿಸಿ, ಒಂದು ಇಳಿಜಾರಿನಲ್ಲಿ ಪರೀಕ್ಷಿಸಿ.